ಹಲ್ಲಿನ ಜುಮ್ಮು

ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವವನಿಗೆ ಹಲ್ಲೆಂಬುದು ಬರಿಯ ಅಗಿಯುವ ಸಾಧನವಲ್ಲ, ವೃತ್ತಿಯ ಉಪಕರಣ. ತ, ಥ, ದ, ಧ, ನ ಇವು ದಂತ್ಯಗಳೆಂದು ಇಪ್ಪತ್ತು ವರ್ಷ ಹೇಳಿಕೊಟ್ಟಿದ್ದೇನೆ. ಆದರೆ ದಂತದ ಮಹಿಮೆ ನನಗೆ ತಿಳಿದದ್ದು ಎರಡು ತಿಂಗಳ ಹಿಂದೆ, ಹುಳುಕು ಹಿಡಿದ ದವಡೆಹಲ್ಲನ್ನು ಕೊರೆಯಿಸಿ ಸಿಮೆಂಟು ತುಂಬಿಸಿಕೊಂಡ ಮೇಲೆ.

ಪೀಡೆ ತೊಲಗಿತೆಂದು ಹಿಗ್ಗಿ ಮರುದಿನ ಬೆಳಿಗ್ಗೆ ತಣ್ಣೀರು ಕುಡಿದೆ. ಜುಮ್ಮೆಂದಿತು! ದವಡೆಯಿಂದ ಕಿವಿಯವರೆಗೆ ಮಿಂಚು ಹರಿದ ಹಾಗಾಯಿತು. ಕಾಫಿಗೂ ಅದೇ ಪಾಡು. ತರಗತಿಯಲ್ಲಿ ಷಟ್ಪದಿ ಓದಲು ಬಾಯಿ ತುಂಬ ಉಸಿರೆಳೆದರೆ ಕಣ್ಣಲ್ಲಿ ನೀರು. ಮೇಷ್ಟರು ಕರುಣರಸದಲ್ಲಿ ಮುಳುಗಿದರೆಂದು ಹುಡುಗರು ಗಂಭೀರರಾದರು.

ಮತ್ತೆ ವೈದ್ಯರಲ್ಲಿಗೆ ಓಡಿದೆ. ಹಲ್ಲಿನ ಹೊರಕವಚದ ಕೆಳಗಿನ ಪದರದಲ್ಲಿ ಕಣ್ಣಿಗೆ ಕಾಣದ ಸಾವಿರಾರು ಕೊಳವೆಗಳಿವೆಯಂತೆ. ಅವುಗಳೊಳಗಿನ ದ್ರವ ತಂಪಿಗೆ, ಗಾಳಿಗೆ ಅಲುಗಿದರೆ ನರ ಎಚ್ಚೆತ್ತು ಕೂಗುತ್ತದಂತೆ. ಕೊರೆಯಿಸಿಕೊಂಡ ಹಲ್ಲು ಕೆಲವು ವಾರ ಮುನಿಸಿಕೊಳ್ಳುವುದು ಸಹಜವೆಂದರು. ನೀಲಿ ಕಾಗದ ಕಚ್ಚಿಸಿ, ಸಿಮೆಂಟು ಎತ್ತರವಾಗಿದ್ದ ಕಡೆ ಒಂದಿಷ್ಟು ತೇಯ್ದರು. ಮೃದುವಾದ ಬ್ರಷ್ಷು, ಪೊಟಾಸಿಯಂ ನೈಟ್ರೇಟ್ ಇರುವ ಪೇಸ್ಟು, ದಿನಕ್ಕೆ 2 ಸಲ, ಉಜ್ಜಿ ಉಗುಳಬೇಕು, ಬಹಳ ಮುಕ್ಕಳಿಸಬಾರದು, ಗುಣ ಕಾಣಲು 2ರಿಂದ 4 ವಾರ ಬೇಕು. "ನೀರು ಕುಡಿದಾದ ಮೇಲೂ ನೋವು ನಿಂತೇ ಇದ್ದರೆ, ರಾತ್ರಿ ತಾನಾಗಿ ಎದ್ದರೆ, ಕೂಡಲೇ ಬನ್ನಿ. ಅದು ಪೇಸ್ಟಿಗೆ ಬಗ್ಗುವುದಲ್ಲ" ಎಂದು ಎಚ್ಚರಿಸಿದರು.

ಪೊಟಾಸಿಯಂ ನೈಟ್ರೇಟೆಂದರೆ ಪಟಾಕಿಯ ಮದ್ದಿಗೆ ಬೆರೆಸುವ ಪೆಟ್ಲುಪ್ಪೇ. ಅದು ನರವನ್ನು ಸುಮ್ಮನಿರಿಸುವುದೂ ಒಂದು ಸೋಜಿಗ!

ಆ ಸಂಜೆ ಕಾಫಿಯನ್ನು ಆರಿಸಿಕೊಂಡು ಕುಡಿಯುತ್ತಿದ್ದಾಗ ಅಮ್ಮ ಕೇಳಿದಳು: "ಜುಮ್ ಅನ್ನತ್ತೇನೋ? ನನಗೂ ಎಂಟು ಹತ್ತು ವರ್ಷದಿಂದ ಹಾಗೇ ಕಣೋ."

ನಾನು ಲೋಟ ಕೆಳಗಿಟ್ಟೆ. ಮೊಮ್ಮಗಳ ಹುಟ್ಟುಹಬ್ಬಕ್ಕೆ ಐಸ್‌ಕ್ರೀಮ್ ಒಲ್ಲೆನೆಂದಾಗಲೆಲ್ಲ ಅವಳದು ಹಳೆಯ ಕಾಲದ ಹಟವೆಂದು ಗೇಲಿ ಮಾಡಿದವನು ನಾನು.

"ಹೇಳಬಾರದಾಗಿತ್ತೇನಮ್ಮ?"

"ವಯಸ್ಸಾದ ಹಲ್ಲು, ಅದಕ್ಕೇನು ಹೇಳೋದು?"

ಮರುವಾರ ಅವಳನ್ನೂ ಕರೆದೊಯ್ದೆ. ಒಸಡು ಸರಿದು ಬೇರು ಬಯಲಾಗಿದೆಯೆಂದರು ವೈದ್ಯರು. ಅವಳಿಗೂ ಅದೇ ಪೇಸ್ಟು, ಅದೇ ಬ್ರಷ್ಷು.

ನನ್ನ ಜುಮ್ಮು ಮೂರನೆಯ ವಾರಕ್ಕೆ ಇಳಿಯಿತು. ಅಮ್ಮನದು ಇನ್ನೂ ಪೂರ್ತಿ ಹೋಗಿಲ್ಲ. ಆದರೂ ಮೊನ್ನೆ ಮೊಮ್ಮಗಳ ಬಟ್ಟಲಿನಿಂದ ಒಂದು ಚಮಚ ಐಸ್‌ಕ್ರೀಮ್ ಬಾಯಿಗಿಟ್ಟುಕೊಂಡು, ಕಣ್ಣು ಮುಚ್ಚಿ ಕಾದು, "ಪರವಾಗಿಲ್ಲ ಕಣೋ" ಎಂದಳು.