ಕೈಗುಣ

ಟೊಮೆಟೊ ಗಿಡ ಹೂ ಬಿಟ್ಟು ಕಾಯಿ ಕಚ್ಚದಿದ್ದರೆ ನಮ್ಮ ಕಡೆ ಮೊದಲು ಅನುಮಾನ ಬೀಳುವುದು ನೆಟ್ಟ ಹೆಂಗಸಿನ ಕೈಗುಣದ ಮೇಲೆ. ಬೀಜ ಕೊಟ್ಟ ಅಂಗಡಿಯವನು, ನೀರು ಬಿಡದ ನಲ್ಲಿ, ನೆತ್ತಿಯ ಮೇಲಿನ ಸೂರ್ಯ ಎಲ್ಲರೂ ನಿರಪರಾಧಿಗಳೇ.

ನಮ್ಮ ರಾಯಚೂರಿನ ಬೇಸಿಗೆ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ಹಗಲು 40 ಡಿಗ್ರಿ ದಾಟುತ್ತದೆ. ಮಾಳಿಗೆಯ ಮೇಲೆ ಮಲಗಿದರೂ ನಡುರಾತ್ರಿಯವರೆಗೆ ನೆಲ ಬೆನ್ನು ಸುಡುತ್ತದೆ. ಟೊಮೆಟೊಗೂ ಕಷ್ಟವಾಗುವುದು ಈ ರಾತ್ರಿಯೇ. ಹಗಲು 35 ಡಿಗ್ರಿ ಮೀರಿ, ರಾತ್ರಿಯೂ 24-25ರ ಕೆಳಗೆ ಇಳಿಯದಿದ್ದರೆ ಹೂವಿನೊಳಗಿನ ಪರಾಗ ಕಸುವು ಕಳೆದುಕೊಳ್ಳುತ್ತದೆ. ಗಿಡವೇನೋ ಹುಲುಸಾಗಿಯೇ ಇರುತ್ತದೆ. ಹಳದಿ ಹೂಗಳು ಗೊಂಚಲಾಗಿ ಬರುತ್ತವೆ, ನಾಲ್ಕು ದಿನದಲ್ಲಿ ತೊಟ್ಟು ಸಮೇತ ಉದುರುತ್ತವೆ. ಹೇಗೋ ಕಾಯಿ ಹಿಡಿದರೂ ಕಡು ಬಿಸಿಲಿಗೆ ಕೆಂಪು ಬಣ್ಣ ಕೂಡಿಬರುವುದಿಲ್ಲ. ಅಂಥದನ್ನು ಬಣ್ಣ ತಿರುಗುತ್ತಲೇ ಕಿತ್ತು ಅಡಿಗೆಮನೆಯ ನೆರಳಿನಲ್ಲಿಟ್ಟರೆ ಚೆನ್ನಾಗಿ ಹಣ್ಣಾಗುತ್ತದೆ.

2023ರ ಜುಲೈ ತಿಂಗಳಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿದಾಗ ನಮ್ಮ ಓಣಿಯಲ್ಲಿ ಕುಂಡವಿಲ್ಲದ ಮಾಳಿಗೆಯೇ ಉಳಿಯಲಿಲ್ಲ. ಪಕ್ಕದ ಮನೆಯ ಸೊಸೆಯೂ ಮರುವರ್ಷ ಬೇಸಿಗೆಯ ಮೊದಲಿಗೆ ಆರು ಗಿಡ ಹಚ್ಚಿದಳು. ಮದುವೆಯಾಗಿ ಏಳು ವರ್ಷವಾಗಿತ್ತು, ಮಡಿಲು ತುಂಬಿರಲಿಲ್ಲ. ಹೂ ಉದುರತೊಡಗಿದಾಗ ಅವಳತ್ತೆ ನನ್ನೆದುರಿಗೇ ಅಂದರು: "ಆಕಿ ಕೈಗುಣಾನ ಅಂಥಾದ್ರೀ ಅಕ್ಕೋರೆ. ಆಕಿ ಮುಟ್ಟಿದ್ದು ಯಾವುದು ಕಾಯಿ ಆಗ್ಯದ?" ಹುಡುಗಿ ತಲೆ ಎತ್ತದೆ ಉದುರಿದ ಹೂ ಗುಡಿಸುತ್ತಿದ್ದಳು.

"ಈ ಧಗಿಗೆ ರಾತ್ರಿ ನಿಮಗ ನಿದ್ದಿ ಬರ್ತದೇನ್ರೀ?" ಎಂದೆ.

"ಎಲ್ಲಿ ನಿದ್ದಿ!"

"ಗಿಡಕ್ಕೂ ಇಲ್ರೀ. ಚೌತಿಗೆ ಬೀಜ ಹಾಕಿಸ್ರಿ. ಅದೇ ಕೈ ಇರ್ತದ, ನೋಡ್ರಿ."

ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಬೀಜ ತರಿಸಿದೆವು. ಎಲೆ ಮುದುಡು ರೋಗವನ್ನು ತಡೆದುಕೊಳ್ಳುವ ತಳಿ ಅದು. ರೋಗ ಹರಡುವ ಬಿಳಿನೊಣ ಕೂರದಂತೆ ಸಸಿಗಳಿಗೆ ಹಳೆಯ ವಾಯಿಲ್ ಸೀರೆ ಹೊದಿಸಿದಳು. ದಸರೆಯ ಹೊತ್ತಿಗೆ ಕುಂಡಕ್ಕೊಂದರಂತೆ ನಾಟಿ ಮಾಡಿ, ಬುಡಕ್ಕೆ ಭತ್ತದ ಹುಲ್ಲು ಹಾಸಿದಳು. ನೀರು ದಿನಾ ಬೆಳಿಗ್ಗೆ, ಅಳತೆಯಂತೆ. ಒಂದು ದಿನ ಒಣಗಿಸಿ ಮರುದಿನ ತುಂಬಿ ಹರಿಸಿದರೆ ಕಾಯಿಯ ತಳ ಕಪ್ಪಾಗುತ್ತದೆ. ಯೂರಿಯಾ ಸುರಿಯಬೇಡ, ಎಲೆಯೇ ಹೆಚ್ಚುತ್ತದೆ ಎಂದಿದ್ದೆ, ಸುರಿಯಲಿಲ್ಲ. ಹೂ ಬಂದ ಮೇಲೆ ಬೆಳಗಿನ ಹೊತ್ತು ಗೊಂಚಲನ್ನು ಬೆರಳಿನಿಂದ ಮೆಲ್ಲಗೆ ತಟ್ಟುತ್ತಿದ್ದಳು. ಟೊಮೆಟೊ ಹೂವಿಗೆ ಅಷ್ಟು ಅಲುಗಾಟ ಸಾಕು, ತನ್ನ ಪರಾಗ ತನಗೇ ಉದುರಿಕೊಳ್ಳುತ್ತದೆ.

ಡಿಸೆಂಬರಿನ ತಂಪಿಗೆ ಒಂದೊಂದು ಗಿಡವೂ ಕೋಲು ಬಾಗುವಂತೆ ಕಾಯಿ ಹೊತ್ತಿತು. ಅತ್ತೆ ಬುಟ್ಟಿ ತುಂಬಿಕೊಂಡು ಓಣಿಗೆಲ್ಲ ಹಂಚಿದರು. ನನಗೆ ಕೊಡುವಾಗ ಅಂದರು: "ನಮ್ಮ ಮಣ್ಣು ಭಾಳ ಚಲೋ ಅದ ನೋಡ್ರೀ ಅಕ್ಕೋರೆ."

ಉದುರಿದರೆ ಕೈಯದು, ಕಾಯಾದರೆ ಮಣ್ಣಿನದು! ನಾನು ಬಾಯಿ ತೆರೆಯುವುದರೊಳಗೆ ಬಾಗಿಲಲ್ಲಿದ್ದ ಸೊಸೆ ಬೇಡವೆಂದು ಕೈಯಾಡಿಸಿ, ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ಆ ಹುಡುಗಿ ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು.