ನಂದಿಬೆಟ್ಟದ ಮರ, ಹೊಸಕೋಟೆಯ ಬೊಡ್ಡೆ

ಬೆಳಗಿನ ಮಂಜು ನೋಡಲೆಂದು ನಂದಿಬೆಟ್ಟಕ್ಕೆ ಬರುವವರ ಕಣ್ಣು ಮೋಡದ ಮೇಲಿರುತ್ತದೆ. ಟಿಪ್ಪು ಡ್ರಾಪ್‌ನ ಬಳಿ ನಿಂತು ಫೋಟೊ ತೆಗೆಸಿಕೊಂಡು, ಬಿಸಿ ಬಜ್ಜಿ ತಿಂದು ಇಳಿದುಬಿಡುತ್ತಾರೆ. ತೊಗಟೆ ಸುಲಿದು, ಬಿಳಿಚಿದ ಮೈಯಲ್ಲಿ ನಿಂತಿರುವ ಎತ್ತರದ ನೀಲಗಿರಿ ಮರಗಳತ್ತ ನೋಡುವವರು ಕಡಿಮೆ. ಆದರೆ ಭಾರತದಲ್ಲಿ ಈ ಮರದ ಕಥೆ ಶುರುವಾಗುವುದು ಈ ಬೆಟ್ಟದಲ್ಲೇ. ಸುಮಾರು 1790ರಲ್ಲಿ ಟಿಪ್ಪು ಸುಲ್ತಾನ್ ಆಸ್ಟ್ರೇಲಿಯಾದ ಬೀಜ ತರಿಸಿ ಇಲ್ಲಿನ ಅರಮನೆ ತೋಟದಲ್ಲಿ ಬಿತ್ತಿಸಿದನೆಂದು ಹೇಳುತ್ತಾರೆ. ಬ್ರಿಟಿಷರು ಸಿಡ್ನಿಯಲ್ಲಿ ನೆಲೆಯೂರಿದ್ದೇ 1788ರಲ್ಲಿ. ಎರಡೇ ವರ್ಷದಲ್ಲಿ ಬೀಜ ಮೈಸೂರು ಸೀಮೆಗೆ ಬಂದಿತ್ತೆಂದರೆ ಸುಲ್ತಾನನ ತೋಟಗಾರಿಕೆಯ ಹುಚ್ಚು ಸಾಮಾನ್ಯದ್ದಲ್ಲ!

ಹೆಸರಿನದೂ ಒಂದು ತಮಾಷೆ. ನೆಗಡಿಯಾದಾಗ ಅಮ್ಮಂದಿರು ಕರವಸ್ತ್ರಕ್ಕೆ ಹಾಕಿಕೊಡುವ ನೀಲಗಿರಿ ಎಣ್ಣೆ ಊಟಿಯ ತಂಪು ಬೆಟ್ಟಗಳ ಬ್ಲೂ ಗಮ್ ಜಾತಿಯದು. ಆ ಬೆಟ್ಟಗಳಲ್ಲಿ ಅದನ್ನು ನೆಟ್ಟದ್ದು 1843ರಲ್ಲಿ. ನಮ್ಮ ಬಯಲುಸೀಮೆಯ ಮರ ಬೇರೆ. ನಂದಿಯ ಮರಗಳ ಬೀಜದಿಂದ ಹಬ್ಬಿದ, ಯೂಕಲಿಪ್ಟಸ್ ಟೆರೆಟಿಕಾರ್ನಿಸ್ ಜಾತಿಯ ಅಂಶವೇ ಹೆಚ್ಚಿರುವ ಮಿಶ್ರ ತಳಿ ಅದು. ಅರಣ್ಯ ಇಲಾಖೆಯವರು ಅದನ್ನು 'ಮೈಸೂರು ಗಮ್' ಎಂದು ಕರೆದರು. ಊಟಿಗೇ ಹೋಗದ ಮರಕ್ಕೆ ನಮ್ಮಲ್ಲಿ ಊಟಿ ಬೆಟ್ಟದ ಹೆಸರು!

ಬೆಟ್ಟ ಇಳಿದು, ಟಿಪ್ಪು ಹುಟ್ಟಿದ ದೇವನಹಳ್ಳಿ ದಾಟಿ, ಬೂದಿಗೆರೆ ಮಾರ್ಗವಾಗಿ ಹೊಸಕೋಟೆಯ ಕಡೆಗೆ ಹೊರಟರೆ ಆ ಮರದ ಸಂತಾನ ಸಿಗುತ್ತದೆ. ಬಡಾವಣೆಗಳ ಹಲಗೆಗಳ ನಡುವೆ ಇನ್ನೂ ಅಲ್ಲಲ್ಲಿ ಸಾಲುಸಾಲಾಗಿ ನಿಂತ ತೆಳ್ಳನೆಯ ಮರಗಳು. ಕೆಲವು ಹೊಲಗಳಲ್ಲಿ ಬರೀ ಬೊಡ್ಡೆಗಳು. 1980ರ ದಶಕದಲ್ಲಿ, ಸಾಮಾಜಿಕ ಅರಣ್ಯದ ಕಾಲದಲ್ಲಿ, ಇಲ್ಲಿನ ಎಷ್ಟೋ ರಾಗಿ ಹೊಲಗಳು ನೀಲಗಿರಿ ತೋಪುಗಳಾದವು. ಅದಕ್ಕೆ ರೈತನನ್ನು ಬೈದು ಫಲವಿಲ್ಲ. ದನ ಮೇಯುವುದಿಲ್ಲ, ಕಳೆ ಕೀಳುವ ಆಳು ಬೇಡ, ಮಕ್ಕಳು ಓದಲು ಪಟ್ಟಣ ಸೇರಿದರೂ ಹೊಲ ಪಾಳು ಬೀಳದು. ಏಳೆಂಟು ವರ್ಷಕ್ಕೊಮ್ಮೆ ಕಡಿದರೆ ಕಂಬಕ್ಕೋ, ಸೌದೆಗೋ, ಕಾಗದ ಮತ್ತು ರೇಯಾನ್ ತಿರುಳಿಗೋ ಮಾರಾಟ. ಬೊಡ್ಡೆ ಮತ್ತೆ ಚಿಗುರುತ್ತದೆ. ಮಗಳ ಮದುವೆ, ಮಗನ ಕಾಲೇಜು ಫೀಜು ಎಲ್ಲವೂ ಆ ಕೂಳೆ ಚಿಗುರನ್ನೇ ನಂಬಿದ್ದ ಮನೆಗಳಿವೆ. ಆದರೆ ಬಾವಿಗಳು ಬತ್ತುತ್ತಿವೆ ಎಂಬ ಕೂಗೂ ಜೊತೆಗೇ ಎದ್ದಿತು. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ನರ್ಸರಿಗೆ ನುಗ್ಗಿ ಸಸಿಗಳನ್ನು ಕಿತ್ತೆಸೆದರು.

ಮರ ನಿಜವಾಗಿ ಎಷ್ಟು ನೀರು ಕುಡಿಯುತ್ತದೆ? ಇದನ್ನು ಅಳೆಯಲು ಕರ್ನಾಟಕ ಅರಣ್ಯ ಇಲಾಖೆಯವರೂ ಬ್ರಿಟನ್ನಿನ ಜಲವಿಜ್ಞಾನಿ ಇಯಾನ್ ಕಾಲ್ಡರ್ ಮತ್ತು ಸಂಗಡಿಗರೂ ಹೊಸಕೋಟೆಯಲ್ಲಿ, ಶಿವಮೊಗ್ಗದ ಸುತ್ತಿನಲ್ಲಿ ಕೆಲಸ ಮಾಡಿದರು. ವಿಧಾನ ಸೊಗಸಾಗಿದೆ. ಕಾಂಡಕ್ಕೆ ಸ್ವಲ್ಪ ಭಾರಜಲ ಸೇರಿಸುವುದು. ಎಲೆಗಳಿಗೆ ಪಾಲಿಥೀನ್ ಚೀಲ ಕಟ್ಟಿ, ಅವು ಬೆವರಿದ ನೀರನ್ನು ಹಿಡಿಯುವುದು. ಅದರಲ್ಲಿ ಭಾರಜಲದ ಅಂಶ ದಿನದಿನಕ್ಕೆ ಎಷ್ಟು ತಿಳಿಯಾಯಿತೆಂದು ನೋಡುವುದು. ಬೇಗ ಹರಿದುಹೋದಷ್ಟೂ ಕುಡಿದದ್ದು ಹೆಚ್ಚು. 1990ರ ದಶಕದ ಆರಂಭದಲ್ಲಿ ಹೊರಬಂದ ಉತ್ತರ ಎರಡು ಪಕ್ಷದವರಿಗೂ ಪೂರ್ತಿ ಒಪ್ಪಿಗೆಯಾಗುವಂಥದ್ದಲ್ಲ. ಸುಮಾರು 3 ಮೀಟರ್ ಮಣ್ಣಿರುವಲ್ಲಿ ನೀಲಗಿರಿ ಬಳಸಿದ್ದು ನಮ್ಮ ಎಲೆಯುದುರುವ ಕಾಡಿಗಿಂತ ಹೆಚ್ಚಲ್ಲ. ಆದರೆ ಅದು ರಾಗಿಗಿಂತ ಸುಮಾರು ಎರಡು ಪಟ್ಟು. ಇನ್ನು ಹೊಸಕೋಟೆಯ ಆಳ ಮಣ್ಣಿನ ಹೊಲದಲ್ಲಿ ಬೇರು 8 ಮೀಟರ್‌ವರೆಗೂ ನೀರು ಹುಡುಕಿತ್ತು. ಅಳೆದ ಮೂರು ಒಣ ವರ್ಷಗಳಲ್ಲಿ ಮರ ಬಳಸಿದ್ದು ಬಿದ್ದ ಮಳೆಗಿಂತ ಹೆಚ್ಚೆಂಬ ಸೂಚನೆ ಸಿಕ್ಕಿತು. ಹಿಂದಿನ ವರ್ಷಗಳ ಉಳಿತಾಯವನ್ನೇ ಅದು ಎತ್ತಿಕೊಂಡಿತ್ತು.

ಇದೇ ಹೊಲದ ಬದುವಿನಲ್ಲಿ ಬಾಗಿ ಒಂದು ಚಿಗುರು ಹಿಡಿದರೆ ಇನ್ನೊಂದು ಸಂಗತಿ ಕಂಡೀತು. ಎಲೆಯ ನಡುನರದಲ್ಲಿ, ತೊಟ್ಟಿನಲ್ಲಿ ಸಾಲು ಗಂಟುಗಳು: ಎಳೆಯದು ಹಸಿರು, ಬಲಿತದ್ದು ಗುಲಾಬಿ, ಒಣಗಿದ್ದು ಕಂದು. ಶಾಲೆಯ ಭೂತಗನ್ನಡಿ ಹಿಡಿದರೆ ಸೂಜಿಮೊನೆಯಷ್ಟು ತೂತುಗಳು. ಲೆಪ್ಟೊಸೈಬಿ ಇನ್ವೇಸಾ ಎಂಬ ಕಣಜದ ಮನೆಯಿದು. ಉದ್ದ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು, ಅಷ್ಟೇ. ಗಂಡಿನ ಹಂಗಿಲ್ಲದೆ ಹೆಣ್ಣೇ ಮೊಟ್ಟೆಯಿಟ್ಟು ಹೆಣ್ಣುಗಳನ್ನೇ ಹುಟ್ಟಿಸುತ್ತದೆ. ಮರ ತವರಿನಿಂದ ಬೀಜವಾಗಿ ಬಂದಾಗ ಶತ್ರುಗಳು ಹಿಂದೆಯೇ ಉಳಿದಿದ್ದವು; ಇನ್ನೂರು ವರ್ಷ ಅದು ಹೆಚ್ಚು ಕಾಟವಿಲ್ಲದೆ ಬೆಳೆಯಿತು. ಎಳೆ ಸಸಿಗೆ ಗೆದ್ದಲಿನ ಕಾಟವೇ ದೊಡ್ಡ ಚಿಂತೆಯಾಗಿತ್ತು. 2001ರ ಸುಮಾರಿಗೆ ಮಂಡ್ಯ ಜಿಲ್ಲೆಯಲ್ಲಿ ಈ ಕಣಜ ಕಾಣಿಸಿಕೊಂಡಿತು. ನರ್ಸರಿ ಸಸಿಗಳು ಮುರುಟಿದವು. ಒಂದೇ ಮರದ ಕಡ್ಡಿಗಳಿಂದ ಬೆಳೆಸಿದ ಸಾವಿರಾರು ಗಿಡಗಳ ತೋಪಿನಲ್ಲಿ ಒಂದಕ್ಕೆ ತಗಲಿದ್ದು ಎಲ್ಲಕ್ಕೂ ತಗಲುವುದರಲ್ಲಿ ಆಶ್ಚರ್ಯವೇನು? ಗಂಟಿನೊಳಗೆ ಮರಿ ಅಡಗಿರುವಾಗ ಮೇಲೆ ಸಿಂಪಡಿಸಿದ ಔಷಧ ಹೆಚ್ಚು ಕೆಲಸಕ್ಕೆ ಬಾರದು. ಕೊನೆಗೆ ವಿಜ್ಞಾನಿಗಳು ಅದೇ ಮರಿಯನ್ನು ತಿಂದು ಬದುಕುವ ಇನ್ನೊಂದು ಕಿರು ಕಣಜವನ್ನು ಇಸ್ರೇಲಿನಿಂದ ತರಿಸಿ, ಪರೀಕ್ಷಿಸಿ, ತೋಪುಗಳಿಗೆ ಬಿಟ್ಟರು.

ಮರದ ಉಳಿದ ಪಾಠ ಬೆಂಗಳೂರಿನಲ್ಲಿದೆ. ಮಲ್ಲೇಶ್ವರದ 18ನೇ ಅಡ್ಡರಸ್ತೆಯ ಮರವಿಜ್ಞಾನ ಸಂಸ್ಥೆ 1938ರಲ್ಲಿ ಮೈಸೂರು ಸಂಸ್ಥಾನದ ಅರಣ್ಯ ಪ್ರಯೋಗಾಲಯವಾಗಿ ಆರಂಭವಾದದ್ದು. ನೀಲಗಿರಿ ದಿಮ್ಮಿ ಕೊಯ್ದ ಕೂಡಲೇ ತುದಿ ಸೀಳುವುದೇಕೆ ಎಂಬುದು ಇಲ್ಲಿಯವರಿಗೆ ಹಳೆಯ ಪ್ರಶ್ನೆ. ಬೆಳೆಯುವ ಮರದ ಹೊರಪದರ ಬಿಗಿದ ತಂತಿಯಂತೆ ಉದ್ದಕ್ಕೆ ಎಳೆದುಕೊಂಡಿರುತ್ತದೆ, ತಿರುಳು ಒತ್ತಿಕೊಂಡಿರುತ್ತದೆ. ಗರಗಸ ಆ ಸಮತೋಲ ಕೆಡಿಸಿದೊಡನೆ ಹಲಗೆ ಬಾಗುತ್ತದೆ, ಬಿರಿಯುತ್ತದೆ. ದಿಮ್ಮಿಯನ್ನು ಎರಡೂ ಕಡೆಯಿಂದ ಸಮನಾಗಿ ಕೊಯ್ದು, ತುದಿಗೆ ಮೇಣವನ್ನೋ ಬಣ್ಣವನ್ನೋ ಬಳಿದು, ನೆರಳಿನಲ್ಲಿ ನಿಧಾನವಾಗಿ ಒಣಗಿಸಿದರೆ ಅದೇ ಮರ ಬಾಗಿಲಾಗುತ್ತದೆ, ಮೇಜಾಗುತ್ತದೆ. ಆದರೆ ಅದಕ್ಕೆ ದಪ್ಪ ದಿಮ್ಮಿ ಬೇಕು, ಎಂದರೆ ಏಳೆಂಟು ವರ್ಷವಲ್ಲ, ಇನ್ನೂ ಹೆಚ್ಚು ಕಾಯಬೇಕು. ಕಾಲೇಜು ಫೀಜಿನ ಕೊನೆಯ ದಿನಾಂಕ ಕಾಯುವುದಿಲ್ಲವಲ್ಲ!

2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಹೊಸಕೋಟೆಯ ಹೊಲಗಳಲ್ಲಿ ಉಳಿದ ಬೊಡ್ಡೆಗಳಿಗೆ ಅದು ತಿಳಿಯದು. ಅವನ್ನು ಕೀಳಲು ಜೆಸಿಬಿ ಬೇಕು, ಅದರ ಬಾಡಿಗೆಯ ಲೆಕ್ಕ ಹಾಕಿಯೇ ಎಷ್ಟೋ ಮಂದಿ ಸುಮ್ಮನಿದ್ದಾರೆ. ಕಿತ್ತವರ ಹೊಲದಲ್ಲಿ ಮಾತ್ರ ಮೊದಲ ಮಳೆಗೆ ಮತ್ತೆ ರಾಗಿ ಬಿತ್ತನೆ.