ದೋಣಿ ಅಜ್ಜನ ಒಂಬತ್ತು ದಿನ

ಕಳೆದ ದಸರಾ ರಜೆಯಲ್ಲಿ ಏಳನೇ ತರಗತಿಯ ಮೊಮ್ಮಗಳನ್ನು ಕರೆದುಕೊಂಡು ಬಿಜೂರಿಗೆ ಹೋಗಿದ್ದೆ. ಬಿಜೂರು ನನ್ನ ತಾಯಿಯ ತವರು. ಉಡುಪಿ ಜಿಲ್ಲೆಯ ಬೈಂದೂರು ತಾಲ್ಲೂಕಿನಲ್ಲಿ, ಉಪ್ಪುಂದದ ನೆರೆಯಲ್ಲಿ, ಗದ್ದೆ ತೋಟಗಳ ನಡುವೆ ಇರುವ ಊರು. ಕೊಂಕಣ ರೈಲು ಬಂದ ಮೇಲೆ ಅಲ್ಲಿಗೊಂದು ಪುಟ್ಟ ನಿಲ್ದಾಣವೂ ಆಗಿದೆ. ಆದರೂ ಹೋಗುವಾಗ ಬಸ್ಸಿನಲ್ಲೇ ಹೋಗೋಣ ಎಂದೆ. ಮೊಮ್ಮಗಳಿಗೆ ಮರವಂತೆ ತೋರಿಸಬೇಕಿತ್ತು.

ಮಕ್ಕಳೇ, ನೀವು ಮರವಂತೆ ನೋಡಿದ್ದೀರಾ? ಹೆದ್ದಾರಿಯ ಒಂದು ಬದಿಗೆ ಅರಬ್ಬೀ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ. ನಡುವೆ ನಮ್ಮ ಬಸ್ಸು. ಕುಂದಾಪುರದಿಂದ ಬರುವಾಗ ಎಡಗಡೆಯ ಕಿಟಕಿ ಹಿಡಿದರೆ ಕಡಲು ಕಾಣುತ್ತದೆ. ಅಲೆಗಳು ರಸ್ತೆಯನ್ನು ಕೊರೆಯದಂತೆ ಅಲ್ಲಿ ದಡದುದ್ದಕ್ಕೂ ದೊಡ್ಡ ದೊಡ್ಡ ಬಂಡೆಗಲ್ಲುಗಳನ್ನು ಪೇರಿಸಿದ್ದಾರೆ. ಮೊಮ್ಮಗಳು ಅವನ್ನೇ ನೋಡುತ್ತಿದ್ದಳು.

“ಅಜ್ಜ, ಇಷ್ಟೆಲ್ಲಾ ಕಲ್ಲಿದ್ದರೆ ದೋಣಿ ದಡಕ್ಕೆ ಹ್ಯಾಗೆ ಬರ್ತದೆ? ಅಡಿ ಒಡೆದುಹೋಗುದಿಲ್ವಾ?”

ನಾನು ತಕ್ಷಣ ಉತ್ತರ ಹೇಳಲಿಲ್ಲ. ಅರವತ್ತು ವರ್ಷದ ಹಿಂದಿನ ಒಂದು ದೋಣಿಯ ಅಡಿ ನನ್ನ ಕಣ್ಣ ಮುಂದೆ ಬಂತು. ಅದನ್ನು ಒಡೆದವರಲ್ಲಿ ನಾನೂ ಒಬ್ಬ.

ಅದು 1964ರ ಬೇಸಗೆ ರಜೆ. ನನಗೆ ಹನ್ನೊಂದು ವರ್ಷ. ಅಜ್ಜಿಮನೆಯಲ್ಲಿ ನಾವು ನಾಲ್ಕು ಜನ ಹುಡುಗರು. ಗದ್ದೆಯ ಅಂಚಿನಲ್ಲಿ ನಡೆದು ಕಡಲ ಕಡೆಗೆ ಹೋಗುವುದೇ ದಿನದ ಕೆಲಸ. ಎಡಮಾವಿನ ಹೊಳೆ ಕೊಡೇರಿಯಲ್ಲಿ ಕಡಲು ಸೇರುತ್ತದೆ. ಹೊಳೆ ಕಡಲು ಸೇರುವ ಜಾಗಕ್ಕೆ ನಮ್ಮಲ್ಲಿ ಅಳಿವೆ ಎನ್ನುತ್ತಾರೆ. ಅಳಿವೆಯ ಒಳಗೆ, ಹೊಳೆಯ ದಡದಲ್ಲಿ ಒಬ್ಬ ಮುದುಕರು ತಮ್ಮ ಸಣ್ಣ ದೋಣಿ ಇಡುತ್ತಿದ್ದರು. ನಾವು ಅವರನ್ನು ‘ದೋಣಿ ಅಜ್ಜ’ ಎಂದು ಕರೆಯುತ್ತಿದ್ದೆವು.

ಒಂದು ಮಧ್ಯಾಹ್ನ ಅವರು ಇಲ್ಲದಾಗ ದೋಣಿ ಬಿಚ್ಚಿಕೊಂಡು ಆಚೆ ದಡಕ್ಕೆ ಕಪ್ಪೆಚಿಪ್ಪು ಹೆಕ್ಕಲು ಹೋದೆವು. ಹೋಗುವಾಗ ಉಬ್ಬರ, ಹೊಳೆ ತುಂಬಿತ್ತು. ತಿರುಗಿ ಬರುವಾಗ ಇಳಿತ. ನೀರು ಹಿಂದೆ ಸರಿದು ದಡದ ಕಲ್ಲುಗಳೆಲ್ಲ ಎದ್ದು ನಿಂತಿದ್ದವು. ಕಲ್ಲಿನ ಮೈತುಂಬ ಕಚ್ಚಿಕೊಂಡ ಚಿಪ್ಪುಗಳು, ಒಂದೊಂದೂ ಬ್ಲೇಡಿನಷ್ಟು ಹರಿತ. ದೋಣಿಯನ್ನು ಅದರ ಜಾಗಕ್ಕೆ ಮುಟ್ಟಿಸಲೇಬೇಕು. ನಾಲ್ವರೂ ಸೇರಿ ಕಲ್ಲಿನ ಮೇಲೆಯೇ ಎಳೆದೆವು. ಕರ್‌ರ್ ಎಂಬ ಶಬ್ದ ಬಂತು. ನನ್ನ ಅಂಗಾಲು ಚಿಪ್ಪು ತಾಗಿ ಸೀಳಿತು. ದೋಣಿ ಕಟ್ಟಿ ಓಡಿಬಂದೆವು. ಮನೆಯಲ್ಲಿ ಮುಳ್ಳು ತಾಗಿತು ಎಂದೆ.

ಮರುದಿನ ದೋಣಿಯೊಳಗೆ ಮೊಣಕಾಲುದ್ದ ನೀರು.

ಆ ಕಾಲದ ದೋಣಿಯ ವಿಷಯ ಇಲ್ಲಿ ಸ್ವಲ್ಪ ಹೇಳಬೇಕು. ಮಾವು ಅಥವಾ ಹೆಬ್ಬಲಸಿನಂಥ ಮರದಿಂದ ದೋಣಿ ಮಾಡುತ್ತಿದ್ದರು. ಹಲಗೆಗಳನ್ನು ಕಬ್ಬಿಣದ ಮೊಳೆಯಿಂದ ಹೊಡೆಯುತ್ತಿರಲಿಲ್ಲ. ಅಂಚಿನಲ್ಲಿ ಸಣ್ಣ ಸಣ್ಣ ತೂತು ಕೊರೆದು, ಬಟ್ಟೆ ಹೊಲಿದ ಹಾಗೆ ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರು. ಹೊಲಿಗೆಯ ಕೆಳಗೆ ನಾರು ತುಂಬಿ, ಮೇಲೆ ರಾಳ, ಮೀನೆಣ್ಣೆ ಬಳಿಯುತ್ತಿದ್ದರು. ಮೊಳೆ ಹೊಡೆದ ಹಲಗೆ ಗಡುಸು. ಕಲ್ಲಿಗೋ ದಡಕ್ಕೋ ಬಡಿದರೆ ಬಿರುಕು ಬಿಡುತ್ತದೆ. ಹೊಲಿದ ದೋಣಿ ಸ್ವಲ್ಪ ಬಾಗುತ್ತದೆ, ಪೆಟ್ಟನ್ನು ನುಂಗಿಕೊಳ್ಳುತ್ತದೆ.

14ನೇ ಶತಮಾನದಲ್ಲಿ ಮೊರಾಕ್ಕೊ ದೇಶದಿಂದ ಬಂದಿದ್ದ ಇಬ್ನ್ ಬತೂತ ಎಂಬ ಪ್ರವಾಸಿ ಇದೇ ಮಾತನ್ನು ಬರೆದಿಟ್ಟಿದ್ದಾನೆ. ನಮ್ಮ ಬ್ರಹ್ಮಾವರದ ಹತ್ತಿರದ ಬಾರ್ಕೂರಿಗೂ ಬಂದಿದ್ದವನು ಆತ. ಈ ಸಮುದ್ರದಲ್ಲಿ ಕಲ್ಲುಗಳು ಹೆಚ್ಚು, ಮೊಳೆಯ ಹಡಗು ಬಡಿದರೆ ಒಡೆಯುತ್ತದೆ, ಹಗ್ಗದಿಂದ ಹೊಲಿದದ್ದು ಉಳಿಯುತ್ತದೆ ಎಂಬುದು ಅವನ ಮಾತಿನ ತಾತ್ಪರ್ಯ. ಭೋಜರಾಜನ ಹೆಸರಿನಲ್ಲಿರುವ ‘ಯುಕ್ತಿಕಲ್ಪತರು’ ಎಂಬ ಸಂಸ್ಕೃತ ಗ್ರಂಥ ಮಾತ್ರ ಬೇರೆ ಕಾರಣ ಕೊಡುತ್ತದೆ. ಸಮುದ್ರದಲ್ಲಿ ಅಯಸ್ಕಾಂತದ ಬಂಡೆಗಳಿರುತ್ತವೆ, ಹಡಗಿನ ಅಡಿಯಲ್ಲಿ ಕಬ್ಬಿಣವಿದ್ದರೆ ಸೆಳೆದುಬಿಡುತ್ತವೆ ಅಂತ! ಮೊಮ್ಮಗಳು ಇದನ್ನು ಕೇಳಿ ಬಸ್ಸಿನಲ್ಲೇ ಗಟ್ಟಿಯಾಗಿ ನಕ್ಕಳು.

ಆದರೆ ಹೊಲಿದ ದೋಣಿಗೂ ಒಂದು ಶತ್ರು ಉಂಟು. ಅದು ಉಜ್ಜುವುದು. ಪೆಟ್ಟು ತಾಳುವ ಹುರಿ ಉಜ್ಜಿದರೆ ತಾಳುವುದಿಲ್ಲ. ಹರಿತ ಚಿಪ್ಪಿನ ಮೇಲೆ ನಾವು ಎಳೆದಾಗ ಅಡಿಯ ಹೊಲಿಗೆ ಅಷ್ಟುದ್ದಕ್ಕೆ ಕತ್ತರಿಸಿಹೋಗಿತ್ತು.

ದೋಣಿ ಅಜ್ಜ ದೋಣಿಯನ್ನು ಕವುಚಿ ಹಾಕಿದರು. ಮರ ಒಣಗದೆ ರಾಳ ಹಿಡಿಯುವುದಿಲ್ಲ. ಒಣಗಿಸಿ, ಹಳೇ ಹುರಿ ಕಿತ್ತು, ಹೊಸದಾಗಿ ಹೊಲಿದು, ಎಣ್ಣೆ ಕುಡಿಸಿ ಮತ್ತೆ ನೀರಿಗಿಳಿಸಲು ಒಂಬತ್ತು ದಿನ ಬೇಕಾಯಿತು. ಅದು ಮೇ ತಿಂಗಳ ಕೊನೆ. ಅಂಥ ಸಣ್ಣ ದೋಣಿಗಳಿಗೆ ಆಗ ಯಂತ್ರವಿರಲಿಲ್ಲ. ಮಳೆ ಹಿಡಿದು ಕಡಲು ಎದ್ದ ಮೇಲೆ ದೋಣಿ ಹೊರಡುವುದೇ ಕಷ್ಟ. ಮಳೆಗಾಲದ ಅಕ್ಕಿಗೆ ದುಡಿಯುವ ಕೊನೆಯ ದಿನಗಳು ಅವು.

ನಾನು ದಿನಾ ಹೋಗಿ ಅವರ ಪಕ್ಕ ಕುಳಿತುಕೊಳ್ಳುತ್ತಿದ್ದೆ. ಹೇಳಬೇಕು ಎಂದೇ ಹೋಗುತ್ತಿದ್ದೆ, ಹೇಳದೆ ಬರುತ್ತಿದ್ದೆ. ಅವರು ನನ್ನ ಕೈಗೆ ಎಣ್ಣೆಯ ಗೆರಟೆ ಕೊಡುತ್ತಿದ್ದರು. ಬೈಗೆ ಮೀನಿನ ಎಣ್ಣೆಯ ವಾಸನೆ ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ನೀರಿನ ಹತ್ತಿರ ಹೋದರೆ “ಹೋಯ್, ಆ ಕಾಲಿಗೆ ಉಪ್ಪುನೀರು ತಾಗಿಸಬೇಡ” ಎಂದು ಕರೆದು ನೆರಳಲ್ಲಿ ಕೂರಿಸುತ್ತಿದ್ದರು. ದೋಣಿ ನೀರಿಗಿಳಿಸುವ ದಿನ ಐದಾರು ಉರುಟು ದಿಮ್ಮಿಗಳನ್ನು ಸಾಲಾಗಿ ಇಟ್ಟು, ನನಗೆ ಒಂದು ಮಾತು ಹೇಳಿದರು: “ಎಳೂಕಾಗ ಮಗಾ, ಉರುಳ್ಸ್ಕ್.” ಕುಂದಾಪ್ರ ಕನ್ನಡ ಬಾರದ ಮಕ್ಕಳಿಗೆ ಹೇಳುತ್ತೇನೆ: ಎಳೆಯಬಾರದು, ಉರುಳಿಸಬೇಕು.

ಏಳನೆಯ ದಿನವೋ ಎಂಟನೆಯ ದಿನವೋ, ದೋಣಿ ಅಜ್ಜನ ಹೆಂಡತಿ ನಮ್ಮ ಅಜ್ಜಿಮನೆಯ ಹಿಂಬಾಗಿಲಿಗೆ ಬಂದಿದ್ದರು. ಅಜ್ಜಿ ಎರಡು ಸೇರು ಕುಚ್ಚಲಕ್ಕಿ ಅಳೆದು ಕೊಟ್ಟರು. ನಾನು ಕಂಬದ ಹಿಂದೆ ನಿಂತಿದ್ದೆ. ಆಗಲೂ ಬಾಯಿ ಬಿಡಲಿಲ್ಲ.

ಇಷ್ಟು ಹೇಳುವಷ್ಟರಲ್ಲಿ ಬಿಜೂರು ಬಂತು. ಹೆದ್ದಾರಿಯಲ್ಲಿ ಇಳಿದು, ನೆಂಟರ ಮನೆಯಲ್ಲಿ ಊಟ ಮುಗಿಸಿ, ಸಂಜೆ ಆಟೋ ಹಿಡಿದು ಉಪ್ಪುಂದದ ಮಡಿಕಲ್ ಕಡಲತೀರಕ್ಕೆ ಹೋದೆವು. ಈಗಿನ ದೋಣಿಗಳು ಹೆಚ್ಚಿನವು ಫೈಬರ್. ಗಾಜಿನ ನಾರಿನ ಪದರಗಳನ್ನು ಅಂಟುದ್ರವದಲ್ಲಿ ಅದ್ದಿ ಒಂದರ ಮೇಲೊಂದು ಕೂರಿಸಿ ಮಾಡುವುದು. ಹೊರಗೆ ಹೊಳೆಯುವ ಒಂದು ತೆಳು ಲೇಪ ಇರುತ್ತದೆ. ಮರ ಕೊಳೆತ ಹಾಗೆ ಅದು ಕೊಳೆಯುವುದಿಲ್ಲ. ಆದರೆ ಮರಳು, ಕಲ್ಲಿನ ಮೇಲೆ ಎಳೆದೆಳೆದು ಆ ಲೇಪ ಸವೆದರೆ ನೀರು ಒಳಗಿನ ಪದರಗಳಿಗೆ ಇಳಿಯುತ್ತದೆ. ಆಮೇಲೆ ಮತ್ತೆ ಅದೇ ಕತೆ. ಒಣಗಿಸಬೇಕು, ಉಜ್ಜಬೇಕು, ಹೊಸ ಪದರ ಹಚ್ಚಬೇಕು, ಅಷ್ಟು ದಿನ ಮನೆಯಲ್ಲಿ ಕೂರಬೇಕು.

ಒಂದು ದೋಣಿ ದಡಕ್ಕೆ ಬರುತ್ತಿತ್ತು. ಅಲೆ ಒಡೆಯುವ ಜಾಗದಿಂದ ಆಚೆ ಸುಮ್ಮನೆ ನಿಂತಿತು. ಮೊಮ್ಮಗಳಿಗೆ ಆಶ್ಚರ್ಯ. ದೊಡ್ಡ ಅಲೆಗಳು ಗುಂಪಾಗಿ ಬರುತ್ತವೆ, ಅವು ಹೋದ ಮೇಲೆ ಸ್ವಲ್ಪ ಹೊತ್ತು ಸಣ್ಣ ಅಲೆಗಳು. ಆ ಬಿಡುವಿಗೆ ಅವರು ಕಾಯುತ್ತಿದ್ದರು. ಬಿಡುವು ಸಿಕ್ಕಿದ ಕೂಡಲೇ ಒಂದು ಅಲೆಯ ಬೆನ್ನ ಹಿಂದೆಯೇ, ಮೂತಿ ನೇರ ದಡಕ್ಕೆ ಮಾಡಿ ಬಂದರು. ಅಡ್ಡವಾದರೆ ಅಲೆ ಮಗುಚಿಬಿಡುತ್ತದೆ. ನೆಲ ತಾಗುವ ಮೊದಲೇ ಎಂಜಿನನ್ನು ಮೇಲಕ್ಕೆ ಎತ್ತಿದರು. ದೋಣಿ ಇನ್ನೂ ತೇಲುತ್ತಿರುವಾಗಲೇ ಇಬ್ಬರು ಬದಿಗೆ ಇಳಿದು ಹಗುರ ಮಾಡಿದರು. ಮಕ್ಕಳೇ, ಬರುವ ದೋಣಿಯ ಮುಂದೆ, ದೋಣಿಗೂ ದಡಕ್ಕೂ ನಡುವೆ ಯಾರೂ ನಿಲ್ಲಬಾರದು. ಅಲೆ ದೋಣಿಯನ್ನು ನೂಕಿದರೆ ತಡೆಯಲು ಆಗುವುದಿಲ್ಲ.

ಒಳಗಿನ ನೀರನ್ನು ಮೊದಲು ಮೊಗೆದು ಚೆಲ್ಲಿದರು. ಒಂದು ಲೀಟರ್ ನೀರು ಅಂದರೆ ಸುಮಾರು ಒಂದು ಕಿಲೋ. 15 ಲೀಟರಿನ ಹತ್ತು ಕೊಡಪಾನ ನೀರು ಉಳಿದರೆ 150 ಕಿಲೋ, ಅಂದರೆ ಇಬ್ಬರು ದೊಡ್ಡವರನ್ನು ಕೂರಿಸಿಕೊಂಡು ಎಳೆದ ಹಾಗೆ. ಆಮೇಲೆ ದಿಮ್ಮಿಗಳು ಬಂದವು. ಹಿಂದಿನ ದಿಮ್ಮಿ ಬಿಡುಗಡೆಯಾದ ಹಾಗೆ ಅದನ್ನು ಓಡಿ ಮುಂದಕ್ಕೆ ಇಡುವುದು. ಮನೆಯಲ್ಲಿ ನೀವೂ ನೋಡಬಹುದು. ದಪ್ಪ ಪುಸ್ತಕವೊಂದನ್ನು ಮೇಜಿನ ಮೇಲೆ ತಳ್ಳಿ. ಅದರ ಕೆಳಗೆ ನಾಲ್ಕು ಉರುಟು ಪೆನ್ಸಿಲ್ ಇಟ್ಟು ಮತ್ತೆ ತಳ್ಳಿ. ವ್ಯತ್ಯಾಸ ಕೈಗೇ ತಿಳಿಯುತ್ತದೆ.

ದೋಣಿಯ ಅಡಿಯಲ್ಲಿ ಉದ್ದಕ್ಕೆ ಒಂದು ದಪ್ಪ ಪಟ್ಟಿ ಇತ್ತು. ದೋಣಿಯವರನ್ನು ಕೇಳಿದೆ. “ಅದು ಸವೆಯಲಿಕ್ಕೇ ಹಾಕಿದ್ದು ಮರಾಯ್ರೆ. ಅದು ಸವೆದರೆ ಬದಲಿಸಬಹುದು. ದೋಣಿ ಸವೆದರೆ ಎಂತ ಮಾಡುದು?” ಎಂದರು. ನಾನು ಬಿ.ಕಾಂ. ಓದಿದವನು. ಯಂತ್ರ, ವಾಹನಗಳ ಬೆಲೆ ವರ್ಷ ವರ್ಷ ಕರಗುವುದಕ್ಕೆ ಲೆಕ್ಕಶಾಸ್ತ್ರದಲ್ಲಿ ‘ಸವಕಳಿ’ ಎನ್ನುತ್ತೇವೆ. ಮೂವತ್ತು ವರ್ಷ ಅದನ್ನು ಕಾಗದದ ಮೇಲೆ ಬರೆದಿದ್ದೆ. ಕೈಯಿಂದ ಮುಟ್ಟಿ ನೋಡಿದ್ದು ಅಂದೇ.

“ಮರಳಿಲ್ಲದೆ ಬರೀ ಕಲ್ಲೇ ಇದ್ದರೆ?” ಎಂದು ಮೊಮ್ಮಗಳು ಕೇಳಿದಳು. “ಆಗ ದೋಣಿ ದಡ ಮುಟ್ಟಿಸುದೇ ಇಲ್ಲ ಮಗಾ,” ಎಂದರು ಅವರು. ಬರುವಾಗಲೇ ಹಿಂದಿನಿಂದ ಲಂಗರು ಬಿಡುವುದು, ಮುಂದಿನಿಂದ ದಡಕ್ಕೆ ಹಗ್ಗ ಕೊಡುವುದು, ಎರಡರ ನಡುವೆ ದೋಣಿ ಕಲ್ಲಿಗೆ ತಾಗದೆ ತೇಲುತ್ತಿರುವುದು, ಬದಿಗೆ ಹಳೇ ಟಯರು ತೂಗಿಬಿಡುವುದು. ಇಳಿತದ ಹೊತ್ತಿನಲ್ಲಿ ಅವಸರ ಮಾಡದೆ ಉಬ್ಬರಕ್ಕೆ ಕಾಯುವುದು.

ಉಬ್ಬರಕ್ಕೆ ಕಾಯುವುದು! ನಾವು ನಾಲ್ವರು ಅಂದು ಕೆಲವು ಗಂಟೆ ಕಾದಿದ್ದರೆ ಸಾಕಿತ್ತು.

ದೋಣಿ ಅಜ್ಜನ ಮನೆಯವರ ಬಗ್ಗೆ ಅಲ್ಲಿ ವಿಚಾರಿಸಿದೆ. ಅವರ ಮನೆ ಇದ್ದ ಜಾಗದಲ್ಲಿ ಈಗ ಬೇರೆಯವರಿದ್ದಾರೆ. ಮಕ್ಕಳು ಊರು ಬಿಟ್ಟು ಬಹಳ ವರ್ಷವಾಯಿತಂತೆ. ತಪ್ಪಾಯಿತು ಎಂದು ಹೇಳಲು ಯಾರೂ ಇರಲಿಲ್ಲ. ಮರಳಿನ ಮೇಲೆ ಸುಮ್ಮನೆ ಕುಳಿತೆ. ಮೊಮ್ಮಗಳು ಪಕ್ಕದಲ್ಲಿ ಕುಳಿತು ಏನೋ ಯೋಚಿಸುತ್ತಿದ್ದಳು.

“ಅಜ್ಜ, ನಿನ್ನ ಕಾಲಿಗೆ ಉಪ್ಪುನೀರು ತಾಗಿಸಬೇಡ ಅಂತ ದೋಣಿ ಅಜ್ಜ ಹೇಳಿದ್ರಲ್ಲ?”

“ಹೌದು.”

“ಹಾಗಾದ್ರೆ ಗಾಯ ಅವರು ನೋಡಿದ್ರು. ಚಿಪ್ಪಿನ ಗಾಯ ಅಂತ ಅವರಿಗೆ ಗೊತ್ತಾಗದೆ ಇರ್ತದಾ?”

ಅರವತ್ತು ವರ್ಷದಲ್ಲಿ ನನಗೆ ಇದು ಹೊಳೆದಿರಲಿಲ್ಲ. ಹಗಲಿರುಳು ಆ ಕಲ್ಲುಗಳ ನಡುವೆ ಬದುಕಿದವರಿಗೆ ಮುಳ್ಳಿನ ಗಾಯ ಯಾವುದು, ಚಿಪ್ಪಿನ ಗಾಯ ಯಾವುದು ಎಂದು ತಿಳಿಯದೆ ಇದ್ದೀತೇ? ಗೊತ್ತಿದ್ದೇ ಅವರು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು, ಕೈಗೆ ಗೆರಟೆ ಕೊಟ್ಟರು. ನಾನಾಗಿ ಹೇಳಲಿ ಎಂದು ಒಂಬತ್ತು ದಿನ ಕಾದರು. ನಾನು ಹೇಳಲಿಲ್ಲ.

ಬ್ಯಾಂಕಿನಲ್ಲಿ ಒಂದು ನಿಯಮವಿತ್ತು. ದಿನದ ನಗದು ಲೆಕ್ಕ ಆ ದಿನವೇ ಹೊಂದಬೇಕು. ಒಂದು ರೂಪಾಯಿ ವ್ಯತ್ಯಾಸ ಬಂದರೂ ರಾತ್ರಿಯವರೆಗೆ ಕುಳಿತು ಹುಡುಕಿ ಮನೆಗೆ ಹೋಗುತ್ತಿದ್ದೆವು. ಅಂಥ ನಾನು ಈ ಒಂದು ಲೆಕ್ಕವನ್ನು ಅರವತ್ತು ವರ್ಷ ಹಾಗೇ ಬಿಟ್ಟಿದ್ದೆ. ಮಕ್ಕಳೇ, ಯಾರದ್ದಾದರೂ ವಸ್ತು ನಿಮ್ಮ ಕೈಯಲ್ಲಿ ಹಾಳಾದರೆ ಅದೇ ಸಂಜೆ ಹೋಗಿ ಹೇಳಿಬಿಡಿ. ಬೈಸಿಕೊಂಡರೂ ಪರವಾಗಿಲ್ಲ.

ಅಷ್ಟರಲ್ಲಿ ಇನ್ನೊಂದು ದೋಣಿ ಬಂತು. ದಿಮ್ಮಿ ಹೊರಲು ಜನ ಸಾಲದಿತ್ತು. ದೋಣಿಯವರು “ಬದಿಯಲ್ಲೇ ಇರು ಮಗಾ, ಮುಂದೆ ಬರಬೇಡ” ಎಂದು ಹೇಳಿ ಮೊಮ್ಮಗಳ ಕೈಗೂ ಒಂದು ಸಣ್ಣ ದಿಮ್ಮಿ ಕೊಟ್ಟರು. ಅವಳು ಅದನ್ನು ಎದೆಗೆ ಅವಚಿಕೊಂಡು ಮರಳಿನಲ್ಲಿ ಓಡಿದಳು. ಓಡುತ್ತಾ ಕುಂದಾಪ್ರ ಕನ್ನಡದಲ್ಲಿ, ಸ್ವಲ್ಪ ತಪ್ಪು ತಪ್ಪಾಗಿ, ಆ ಮಾತನ್ನು ಕೂಗುತ್ತಿದ್ದಳು. ದೋಣಿಯವರೆಲ್ಲ ನಗುತ್ತಿದ್ದರು. ನಾನೂ ಎದ್ದು ಹೋಗಿ ಹಗ್ಗಕ್ಕೆ ಕೈ ಕೊಟ್ಟೆ.